ಮುಖ ತೊಳೆದ ಬೈರ

ಬೈರ ನಗುತ್ತಿರಲಿಲ್ಲ. ಸಿಟ್ಟಿನ ಮನುಷ್ಯನೇನಲ್ಲ, ದುಃಖವೂ ಅಲ್ಲ. ಮುಖವೇ ಹಾಗೆ, ಹಲಸಿನ ಹಲಗೆ ಹೆರೆದಿಟ್ಟ ಹಾಗೆ ಸಪಾಟು. ಇಡಗುಂದಿಯ ಆಚೆ ಕಾಡಂಚಿನ ಒಂದು ಕೊಪ್ಪದಲ್ಲಿ ಅವನ ಗುಡಿಸಲು. ಅಪ್ಪನ ಕಾಲದಿಂದ ಉಳುತ್ತ ಬಂದ ತುಂಡು ಗದ್ದೆಯೊಂದಿತ್ತು. ಉಳುವುದಕ್ಕೆ ಗದ್ದೆ, ಕಾಗದದಲ್ಲಿ ಕಾಡು. ಹಾಗಾಗಿ ಸರಕಾರದ ಬಾಯಲ್ಲಿ ಅವನ ಹೆಸರು ಅತಿಕ್ರಮಣದಾರ. ಮಳೆಗಾಲ ಮುಗಿದ ಮೇಲೆ ಅರಣ್ಯ ಇಲಾಖೆಯ ಡಿಪೋದಲ್ಲಿ ನಾಟ, ಅಂದರೆ ಕಡಿದ ಮರದ ದಿಮ್ಮಿ, ಎಳೆಯುವ ಕೆಲಸ. ಒಂದು ಜೋಡಿ ಎತ್ತು, ಹೆಂಡತಿ ನಾಗಿ.

ಹೋಳಿಯಲ್ಲಿ ಮಾತ್ರ ಬೈರ ದೊಡ್ಡ ಮನುಷ್ಯನಾಗುತ್ತಿದ್ದ. ಆ ಕೊಪ್ಪದವರು ಹೋಳಿಗೆ ಸೋಗು ಹಾಕುತ್ತಾರೆ. ಡಾಕ್ಟರು, ಮಾಸ್ತರು, ಗಾರ್ಡು, ಯಾರ ವೇಷ ಹಾಕಿಯಾದರೂ ಮನೆಮನೆಗೆ ಹೋಗಿ ಆಡಿಕೊಳ್ಳಬಹುದು. ಸೋಗಿನವನು ಮಾತ್ರ ನಗಬಾರದು. ಅವನು ಆಡಿದ್ದಕ್ಕೆ ಯಾರೂ ಸಿಟ್ಟಾಗಬಾರದು. ಕೊನೆಗೆ ಬಾವಿಕಟ್ಟೆಯಲ್ಲಿ ಎಲ್ಲರೆದುರು ಅವನು ಮುಖ ತೊಳೆಯಬೇಕು. ತೊಳೆಯುವ ತನಕ ಮಾತು ಸೋಗಿನದ್ದು. ತೊಳೆದ ಮೇಲೆ ಆಡಿದ್ದು ಅವನ ಸ್ವಂತದ್ದು. ಅದಕ್ಕೆ ಅವನೇ ಹೊಣೆ, ಕೇಳುವವರೂ ಅದನ್ನು ಹಗುರ ಮಾಡುವ ಹಾಗಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯಲ್ಲಾಪುರದ ಬಸ್ ಸ್ಟ್ಯಾಂಡಿನ ಹಿಂದೆ ವೆಂಕಟ್ರಮಣ ಭಟ್ಟರು ಒಂದು ವಿಡಿಯೋ ಹಾಲ್ ಇಟ್ಟಿದ್ದರು. ಹೆಸರಿಗೆ ಹಾಲ್. ಹಳೆ ಗೋದಾಮು, ಗೋಣಿಚೀಲದ ಪರದೆ, ಒಂದು ಟಿವಿ, ಒಂದು ವಿಸಿಆರ್. ಹೊಡೆದಾಟದ ಕ್ಯಾಸೆಟ್ ಕೇಳಿದ್ದಕ್ಕೆ ಹುಬ್ಬಳ್ಳಿಯವರು ಪೊಲೀಸರನ್ನು ಗೇಲಿ ಮಾಡುವ ಇಂಗ್ಲಿಷ್ ಸಿನೆಮಾ ಕಳಿಸಿಬಿಟ್ಟಿದ್ದರು. ಫೈಟಿಂಗ್ ಇಲ್ಲ ಎಂದು ಜನ ಬೈದು ಎದ್ದು ಹೋದರು. ಬೈರ ಉಳಿದ. ಅದರಲ್ಲಿ ಪೊಲೀಸ್ ಸಾಹೇಬನೊಬ್ಬ ಕಳ್ಳನ ಬೆನ್ನು ಹತ್ತಿ ಹೂವಿನ ಕುಂಡದೊಳಗೆ ಕೈ ಸಿಕ್ಕಿಸಿಕೊಳ್ಳುತ್ತಾನೆ. ಮೇಲಧಿಕಾರಿ ಬಂದಾಗ ಕುಂಡದ ಸಮೇತ ಸಲಾಮು ಹೊಡೆಯಲು ಹೋಗಿ ಅವನನ್ನೇ ಕೆಡವುತ್ತಾನೆ. ಬಿದ್ದವನು ಕುಡಿದಿದ್ದಾನೆಂದು ಲಾಕಪ್ಪಿಗೆ ಹಾಕುತ್ತಾನೆ. ಇಷ್ಟಾದರೂ ಸಾಹೇಬನ ಮುಖ ಮಾತ್ರ ಶ್ರಾದ್ಧಕ್ಕೆ ಕೂತವನದ್ದು.

ಬೈರ ಮುಂದಿನ ಆಟಕ್ಕೂ ಕೂತ. ಭಟ್ಟರಿಗೆ ಆಶ್ಚರ್ಯ.

"ನಿಂಗೆ ಎಂತ ತಿಳೀತು ಮಾರಾಯ? ಇಂಗ್ಲಿಷ್ ಬರೂದಿಲ್ಲ, ಒಂದು ಸಲ ನಗಲೂ ಇಲ್ಲ."

"ಅವನೂ ನಗಲಿಲ್ವಲ್ಲ ಭಟ್ರೆ. ತಾನು ಮಾಡಿದ್ದು ಸಮ ಇದೆ ಅಂತ್ಲೇ ಅವ ತಿಳ್ಕಂಡಾನೆ. ಅದಕ್ಕೇ ಮಂದಿಗೆ ನಗು. ತಪ್ಪಾತು ಅಂತ ಅವಂಗೆ ಗೊತ್ತಾದ್ರೆ ಆಟ ಮುಗೀತು."

"ಹಂಗಾರೆ ನಮ್ಮ ಸರ್ಕಾರನೂ ಒಂದು ಸಿನೆಮಾನೇ ಬಿಡು," ಎಂದರು ಭಟ್ಟರು.

ಮುಂದಿನ ಹೋಳಿಗೆ ಬೈರ ಪೊಲೀಸ್ ಸಾಹೇಬನಾದ. ಅಡಕೆ ಹಾಳೆಯ ಟೊಪ್ಪಿಗೆ ಖಾಕಿ ಬಟ್ಟೆ ಹೊಲಿದುಕೊಂಡ. ಅಂಗಳದ ಕೋಳಿಯನ್ನು ಹಿಡಿದು, "ಎಷ್ಟು ವರ್ಷದಿಂದ ಕೆದರ್ತಾ ಇದ್ದೆ ಇಲ್ಲಿ? ಪಟ್ಟಾ ಉಂಟಾ?" ಎಂದು ಕೇಳಿದ. ನಾಯಿಯನ್ನು ಸಾಕ್ಷಿಗೆ ಕರೆದ. ಅದು ಬೊಗಳಿದ್ದನ್ನು ತಲೆ ಅಲ್ಲಾಡಿಸಿ ಒಪ್ಪಿದ. ಜನ ನೆಲಕ್ಕೆ ಬಿದ್ದು ಹೊರಳಿದರು.

ಅತಿಕ್ರಮಣದ ಸಾಗುವಳಿದಾರರ ಹೋರಾಟ ಆಗ ಕಾವೇರಿತ್ತು. ಹೋರಾಟದಲ್ಲಿದ್ದ ನಾವು ನಮ್ಮ ಸಭೆಗಳಿಗೆ ಬೈರನನ್ನು ಕರೆದೊಯ್ಯುತ್ತಿದ್ದೆವು. ಸಿದ್ದಾಪುರದಲ್ಲಿ ಒಮ್ಮೆ ನಮ್ಮ ಭಾಷಣ ಮುಗಿಯುವ ತನಕ ಜನ ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದರು. ಬೈರ ಟೊಪ್ಪಿ ಇಟ್ಟ ಕೂಡಲೆ ಎದುರು ಬಂದು ಕೂತರು. ಬರಬರುತ್ತ ಅವನು ಅಂಗಡಿಯಲ್ಲಿ ಉಪ್ಪು ಕೇಳಿದರೂ ಜನ ನಗತೊಡಗಿದರು. ಜ್ವರ ಬಂದಿದೆ ಎಂದಾಗಲೂ ನಕ್ಕರು.

ಹೀಗಿರುವಾಗ ತೆರವು ಮಾಡಿಸಲು ಹೊರ ಜಿಲ್ಲೆಯಿಂದ ಒಂದು ಪೊಲೀಸ್ ತುಕಡಿ ಬಂತು. ಬೈರನ ಗದ್ದೆಯ ಕೆಸರಿನಲ್ಲಿ ಜೀಪು ಹೂತುಹೋಯಿತು. ತುಕಡಿಯ ಮುಖಂಡ ದಫೇದಾರ ಗದ್ದೆಯಲ್ಲಿದ್ದವನನ್ನೇ ಕೂಗಿದ. "ಏ, ಏನ್ ನಿಂತ್ ನೋಡ್ತಿ? ಎತ್ತು ಹೂಡು, ಎಳಿ!" ಬೈರ ಎತ್ತು ಹೂಡಿದ. ತನ್ನನ್ನು ಎಬ್ಬಿಸಲು ಬಂದವರ ಜೀಪನ್ನು ತಾನೇ ಎಳೆದುಕೊಟ್ಟ. ಅಷ್ಟರಲ್ಲಿ ಉಳಿದವರು ದಿಬ್ಬ ಹತ್ತಿದರು. ಅಲ್ಲಿ ಒಂದು ಹುಲ್ಲಿನ ಗುಡಿಸಲು, ಮಾಡಿನ ಮೇಲೆ ಹೆಂಗಸಿನ ಸೀರೆ. ಅತಿಕ್ರಮಣದಾರನ ಮನೆ ಇದೇ ಎಂದು ಬೆಂಕಿ ಇಟ್ಟರು. ಅದು ಅರಣ್ಯ ಇಲಾಖೆಯ ಗಾರ್ಡುಗಳ ಕಾವಲು ಗುಡಿಸಲು. ಬೈರನ ಮನೆ ಬಿದಿರು ಹಿಂಡಿಲಿನ ಹಿಂದೆ, ಅಲ್ಲಿಗೆ ಬಿಸಿಲು ಬೀಳುವುದಿಲ್ಲ. ಹಾಗಾಗಿ ನಾಗಿ ಸೀರೆಯನ್ನು ಸರಕಾರದ ಮಾಡಿನ ಮೇಲೆ ಹರವುತ್ತಿದ್ದಳು.

"ನನ್ನ ಸೀರೆ ಸುಟ್ರಲ್ರೋ!" ಎಂದು ನಾಗಿ ಓಡಿಬಂದಾಗ ಬೆಂಕಿ ಹುಲ್ಲಿಗೆ ಹಬ್ಬಿತ್ತು. ದಫೇದಾರ ಟೊಪ್ಪಿಯಿಂದ ಬಡಿದ. ಟೊಪ್ಪಿ ಸುಟ್ಟಿತು. ಬರಿತಲೆಯಲ್ಲಿ ಸಾಹೇಬರೆದುರು ನಿಲ್ಲುವುದು ಹೇಗೆ ಎಂದು ಒದ್ದಾಡುತ್ತ ಬಿದಿರು ಹಿಂಡಿಲು ದಾಟಿದವನ ಕಣ್ಣಿಗೆ ಬೈರನ ಜಗುಲಿಯಲ್ಲಿ ನೇತಾಡುತ್ತಿದ್ದ ಖಾಕಿ ಟೊಪ್ಪಿ ಬಿತ್ತು. ಇಟ್ಟುಕೊಂಡು ಜೀಪು ಹತ್ತಿದ.

ವಾರದೊಳಗೆ ಕೇಸು ಬಂತು. ಸರಕಾರದ ಕಾವಲು ಗುಡಿಸಲಿಗೆ ಬೆಂಕಿ ಇಟ್ಟವನು ಬೈರ ಎಂದು ದಫೇದಾರನ ದೂರು. ಸಾಬೀತಾದರೆ ಅವನು ಜೈಲಿಗೆ, ಗದ್ದೆ ಕಾಡಿಗೆ. ನಮ್ಮ ವಕೀಲರು, "ಅವತ್ತು ಊರಲ್ಲಿರಲಿಲ್ಲ ಅಂತ ಹೇಳು, ಸಾಕು," ಎಂದರು. ಬೈರ, "ಇದ್ದೆ ಅಲ್ರಾ," ಎಂದ.

ಕೋರ್ಟಿಗೆ ಹೋಗುವ ಮೊದಲು ವಿಚಾರಣೆ ನಡೆದದ್ದು ಯಲ್ಲಾಪುರದ ಐ.ಬಿ.ಯಲ್ಲಿ, ಸಾಹೇಬರು ಇಳಿದುಕೊಳ್ಳುವ ಸರಕಾರಿ ಬಂಗಲೆಯಲ್ಲಿ. ದೂರದಿಂದ ಬಂದ ಅಧಿಕಾರಿ, ಒಂದು ಮೇಜು. ಪಕ್ಕದ ಕುರ್ಚಿಯಲ್ಲಿ ಹೊಸ ಟೊಪ್ಪಿಯ ದಫೇದಾರ. ಹಿಂದೆ ಇಡೀ ಕೊಪ್ಪ, ನೋಡಲು ಬಂದ ಬೇರೆ ಊರಿನವರು. ಬೈರ ಎದ್ದು ನಿಂತ.

"ಇವರ ಜೀಪು ಹುಗಿದಿತ್ತು. ನಾನೇ ಎಳೆದು ಕೊಟ್ಟೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಆಮೇಲೆ ಇವರು ಇವರದ್ದೇ ಗುಡಿಸ್ಲಿಗೆ ಬೆಂಕಿ ಇಟ್ರು."

ಕೊಪ್ಪ ಗೊಳ್ಳೆಂದಿತು. ಅಧಿಕಾರಿಯೂ ಪೆನ್ನು ಕೆಳಗಿಟ್ಟು ತುಟಿ ಕಚ್ಚಿಕೊಂಡರು.

"ಬೆಂಕಿ ಆರಿಸೂಕೆ ಹೋಗಿ ಇವರ ಟೊಪ್ಪಿ ಸುಟ್ಟಿತು. ನನ್ನ ಸೋಗಿನ ಟೊಪ್ಪಿ ಇಟ್ಕಂಡು ಹೋದ್ರು."

ಬೇರೆ ಊರಿನವರೂ ಹೊಟ್ಟೆ ಹಿಡಿದುಕೊಂಡರು. ದಫೇದಾರ ಎಲ್ಲರಿಗಿಂತ ಜೋರಾಗಿ ನಕ್ಕ. "ನೋಡ್ರಿ ಸಾಹೇಬ್ರ, ಇವ ಕುಣಿಯಾಂವ. ಊರೂರು ತಿರುಗಿ ಪೊಲೀಸ್ರನ್ನ ಆಡಿಕೊಳ್ಳೂದೇ ಇವನ ಕಸುಬು."

"ಇದು ನಾಟಕದ ಜಾಗವಲ್ಲ," ಎಂದರು ಅಧಿಕಾರಿ. "ನಿಜ ಹೇಳುವುದಿದ್ದರೆ ಹೇಳಿ. ಇಲ್ಲವಾದರೆ ದಫೇದಾರರ ಹೇಳಿಕೆಯನ್ನೇ ಒಪ್ಪಿ ಮುಗಿಸುತ್ತೇನೆ."

ಬೈರ ಹೇಳಿದ್ದೆಲ್ಲ ನಿಜ. ಅಳುವ ಗಂಟಲಲ್ಲಿ ಅದನ್ನೇ ಹೇಳಿದ್ದರೆ ನಂಬುತ್ತಿದ್ದರೇನೋ. ಅಳುವ ಮುಖ ಅವನ ಹತ್ತಿರ ಇರಲಿಲ್ಲ. ಇದ್ದ ಒಂದೇ ಮುಖವನ್ನು ಇಷ್ಟು ವರ್ಷ ನಗಿಸುವುದಕ್ಕೆ ಕೊಟ್ಟಿದ್ದ.

ಅವನು ಹಿಂದೆ ತಿರುಗಿದ. "ನಾಗಿ, ಒಂದು ಚೊಂಬು ನೀರು ತಗಂಬಾ."

"ನೀರು ಎಂತಕ್ಕೆ?" ಎಂದು ನಗುತ್ತಲೇ ಇದ್ದ ಒಬ್ಬನಿಗೆ ನಾಗಿ, "ಬಾಯಿ ಮುಚ್ಚೋ, ಹಲ್ಲು ಒಣಗ್ತು," ಎಂದು ಹೊರಗೆ ಹೋದಳು. ಐ.ಬಿ. ಕಾಯುವ ಮೇಟಿಯ ಚೊಂಬು ತಂದಳು. ಬೈರ ಜಗುಲಿಯ ಅಂಚಿಗೆ ಹೋಗಿ, ಎಲ್ಲರೂ ಕಾಣುವ ಹಾಗೆ ಬಗ್ಗಿ, ಬಣ್ಣವೇ ಇಲ್ಲದ ಮುಖವನ್ನು ತಿಕ್ಕಿ ತಿಕ್ಕಿ ತೊಳೆದ. ಪಂಚೆಯ ಸೆರಗಿನಿಂದ ಒರೆಸಿಕೊಂಡ. ಕೊಪ್ಪದವರ ನಗೆ ಅರ್ಧಕ್ಕೇ ನಿಂತಿತು. ಒಬ್ಬ ಮುದುಕ ತಲೆಯ ಮುಂಡಾಸು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನು ನೋಡಿ ಹೊರಗಿನವರೂ ಸುಮ್ಮನಾದರು. ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಅಷ್ಟು ಜನ ಒಟ್ಟಿಗೆ ಮೌನವಾದರೆ ಎಂಥವನೂ ಪೆನ್ನು ಎತ್ತಿಕೊಳ್ಳುತ್ತಾನೆ.

ಬೈರ ಬಂದು ಅದೇ ಜಾಗದಲ್ಲಿ ನಿಂತು ಅದೇ ಮಾತನ್ನು ಮೊದಲಿನಿಂದ ಹೇಳಿದ. ಒಂದು ಅಕ್ಷರ ಹೆಚ್ಚಿಲ್ಲ, ಮುಖ ಅದೇ. ಜೀಪು, ಬೆಂಕಿ, ಟೊಪ್ಪಿ. ಒಬ್ಬರೂ ನಗಲಿಲ್ಲ. ಅದೆಲ್ಲ ಮುಗಿಸಿದ ಮೇಲೆ, "ನನ್ನ ಟೊಪ್ಪಿ ಇನ್ನೂ ವಾಪಸ್ ಬಂದಿಲ್ಲ," ಎಂದ.

ದಫೇದಾರನ ಕೈ ಅವನಿಗೇ ಗೊತ್ತಿಲ್ಲದೆ ತಲೆಗೆ ಹೋಯಿತು. ಅಧಿಕಾರಿ ಅದನ್ನು ನೋಡಿದರು.

"ನಿಮ್ಮ ಹಳೆ ಟೊಪ್ಪಿ ಎಲ್ಲಿ ದಫೇದಾರರೇ?"

"ಅದು... ಸುಟ್ಟತ್ರಿ ಸಾಹೇಬ್ರ."

"ಎಲ್ಲಿ ಸುಟ್ಟಿತು?"

ದಫೇದಾರ ಹೊಸ ಟೊಪ್ಪಿಯನ್ನು ತೆಗೆದು ಮೇಜಿನ ಕೆಳಗೆ ಹಿಡಿದುಕೊಂಡ.

ಬೈರನ ಮೇಲಿನ ಕೇಸು ಬಿದ್ದುಹೋಯಿತು. ಗದ್ದೆಗೆ ಪಟ್ಟಾ ಸಿಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಜಿ ಇನ್ನೂ ಅರ್ಜಿಯಾಗಿಯೇ ಇದೆ. ಅವರನ್ನು ಎಬ್ಬಿಸಲು ಮಾತ್ರ ಆಮೇಲೆ ಯಾರೂ ಬರಲಿಲ್ಲ. ಬೈರ ಉಳುತ್ತಾನೆ, ನಾಗಿ ಸೀರೆ ಒಣಗಿಸಲು ಗದ್ದೆಯ ಅಂಚಿನಲ್ಲಿ ಬಿದಿರು ನೆಟ್ಟಿದ್ದಾಳೆ.

ಮುಂದಿನ ಹೋಳಿಗೆ ಬೈರ ಹೊಸ ಹಾಳೆ ಟೊಪ್ಪಿ ಮಾಡಿ ಸೋಗು ಹಾಕಿದ. ಕೋಳಿಗೆ ಪಟ್ಟಾ ಕೇಳಿದ, ನಾಯಿಯನ್ನು ಸಾಕ್ಷಿಗೆ ಕರೆದ. ಜನ ಚಹಾ ಕೊಟ್ಟರು, ಕೂರಿಸಿ ಮಾತಾಡಿಸಿದರು. ನಗೆ ಹುಟ್ಟಲಿಲ್ಲ. ಅದೇ ಮುಖ ತೊಳೆದುಕೊಂಡು ನಿಜ ಹೇಳಿದ್ದನ್ನು ಅವರು ನೋಡಿಯಾಗಿತ್ತು. ಬೈರನೂ ಮನೆಮನೆ ಮುಗಿಸಿ, ಬಾವಿಕಟ್ಟೆಗೆ ಬಂದು, ಕಟ್ಟಳೆಯ ಪ್ರಕಾರ ನೀರು ಹಾಕಿಕೊಂಡ. ಟೊಪ್ಪಿಯನ್ನು ಕಟ್ಟೆಯ ಮೇಲಿಟ್ಟು ಹೊರಟ. ಅದನ್ನು ಮತ್ತೆ ತಲೆಗಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ ಯಲ್ಲಾಪುರದಲ್ಲಿ ಸಿಕ್ಕಿದ. ಭಟ್ಟರ ಹಾಲ್ ಮುಚ್ಚಿ ಮೊಬೈಲ್ ಅಂಗಡಿಯಾಗಿತ್ತು. ಬೈರ ಬಾಗಿಲಿನ ಕಡೆ ನೋಡುತ್ತ ನಿಂತಿದ್ದ. ಸೋಗು ಬಿಟ್ಟದ್ದಕ್ಕೆ ಬೇಜಾರಾಗುವುದಿಲ್ಲವೇ ಎಂದು ಕೇಳಿದೆ.

"ಆಗ್ತದೆ," ಎಂದ. ಬಾಗಿಲಿನಿಂದ ಕಣ್ಣು ತೆಗೆಯದೆ, "ಆ ಇಂಗ್ಲಿಷ್ ಪೊಲೀಸನ ಪುಣ್ಯ ದೊಡ್ಡದು ಮಾರಾಯ್ರೆ. ಅವಂಗೆ ಮುಖ ತೊಳೆಯೂ ಪ್ರಸಂಗ ಬರಲೇ ಇಲ್ಲ," ಎಂದ. ನಾಗಿ ಕೊಟ್ಟ ಚೀಲ ಹೆಗಲಿಗೇರಿಸಿ ಇಡಗುಂದಿ ಬಸ್ಸಿನ ಕಡೆ ನಡೆದ.