ಬೈಗುಳಕ್ಕೆ ಅರ್ಥ ಹೇಳಿದ ದಿನ

ಮಗಳ ಕೆಳತುಟಿ ಒಡೆದು ಊದಿಕೊಂಡಿತ್ತು. ಸಮವಸ್ತ್ರದ ಕಾಲರಿನ ಮೇಲೆ ಬಿದ್ದ ರಕ್ತದ ಕಲೆಯನ್ನು ಯಾರೋ ನೀರು ಹಚ್ಚಿ ಉಜ್ಜಿ ಇನ್ನಷ್ಟು ಹರಡಿದ್ದರು. ರಾಣೆಬೆನ್ನೂರಿನ ಅವಳ ಶಾಲೆಯಿಂದ ಫೋನು ಬಂದ ಕೂಡಲೇ ಬೇಯುತ್ತಿದ್ದ ಬೇಳೆಯ ಒಲೆ ಆರಿಸಿ ಓಡಿದ್ದೆ.

ಊಟದ ಬಿಡುವಿನಲ್ಲಿ ನಳದ ಹತ್ತಿರ ಇವಳೇ ಸಹಪಾಠಿಯೊಬ್ಬಳ ಜಡೆ ಎಳೆದು ಚೇಷ್ಟೆ ಮಾಡಿದ್ದಾಳೆ. ಹಲಗೇರಿಯಿಂದ ಬಸ್ಸಿನಲ್ಲಿ ಬರುವ ಆ ಹುಡುಗಿ ತಿರುಗಿ ನೂಕಿದ್ದಾಳೆ. ತುಟಿ ನಳಕ್ಕೆ ಬಡಿದಿದೆ. ಅಷ್ಟೇ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನೂಕುವಾಗ ಅವಳು ಅಂದ ಮಾತು ಪ್ರಾಂಶುಪಾಲರ ಕಿವಿಗೆ ಬಿದ್ದಿತ್ತು. ಅವರು ಕರಾವಳಿಯ ಕಡೆಯವರು, ನಮ್ಮೂರಿಗೆ ಹೊಸಬರು.

"'ನಿನ್ನ ಹೆಣಾ ಎತ್ಲಿ' ಅಂದಳು. ಹಾಗೆಂದರೇನು?" ಎಂದು ಅವರು ನನ್ನನ್ನು ಕೇಳಿದರು. "ನೀವು ಈ ಕಡೆಯವರು, ಕಾನ್ವೆಂಟಿನಲ್ಲಿ ಓದಿದವರು. ವರದಿಯಲ್ಲಿ ಬರೆಯಬೇಕು, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಿ."

ಹುಡುಗಿ ಕಿಟಕಿಯ ಪಕ್ಕ ನಿಂತಿದ್ದಳು. ಬಿಚ್ಚಿದ ರಿಬ್ಬನ್ನು ಭುಜದ ಮೇಲೆ ಜೋತುಬಿದ್ದಿತ್ತು. ನನ್ನ ಕಡೆಗೇ ನೋಡುತ್ತಿದ್ದಳು. ತನ್ನ ಮಾತು ತಿಳಿಯುವವರು ಒಬ್ಬರಾದರೂ ಬಂದರಲ್ಲ ಎಂಬ ನೆಮ್ಮದಿ ಆ ಮುಖದಲ್ಲಿತ್ತು.

ಬ್ಯಾಡಗಿಯ ನನ್ನ ತವರಿನಲ್ಲಿ ಅಜ್ಜಿ ನನ್ನನ್ನು ಎಬ್ಬಿಸುತ್ತಿದ್ದುದೇ ಆ ಮಾತಿನಿಂದ. "ಏಳ, ನಿನ್ನ ಹೆಣಾ ಎತ್ಲಿ, ಹೊತ್ತ ನೆತ್ತಿಗೆ ಬಂತು!" ಎನ್ನುತ್ತಲೇ ಬಿಸಿ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ಮೆಣಸಿನಕಾಯಿಯ ತೊಟ್ಟು ಬಿಡಿಸಲು ಬರುತ್ತಿದ್ದ ಹೆಂಗಸರು ಒಬ್ಬರಿಗೊಬ್ಬರು ಅದನ್ನೇ ಅಂದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ಆಗ ನನಗೆ ಕಾಣುತ್ತಿದ್ದದ್ದು ಆ ತುಟಿ ಮಾತ್ರ. ನೀನು ಸಾಯಿ, ನಿನ್ನ ಶವ ಹೊತ್ತುಕೊಂಡು ಹೋಗಲಿ ಎಂದು ಪದಕ್ಕೆ ಪದ ಇಟ್ಟು, ನನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದೆ. ಸುಳ್ಳೇನೂ ಹೇಳಲಿಲ್ಲ. ಇಲ್ಲಿ ಅದನ್ನು ಯಾರು, ಯಾರಿಗೆ, ಹೇಗೆ ಅನ್ನುತ್ತಾರೆ ಎಂಬುದನ್ನಷ್ಟೇ ನುಂಗಿಕೊಂಡೆ.

ಪ್ರಾಂಶುಪಾಲರ ಮುಖ ಬಿಳುಪೇರಿತು. "ಜೀವ ಬೆದರಿಕೆ, ಮೇಲೆ ಗಾಯ ಬೇರೆ. ಪೊಲೀಸರಿಗೆ ತಿಳಿಸದಿದ್ದರೆ ನಾಳೆ ನಮ್ಮನ್ನೇ ಕೇಳುತ್ತಾರೆ. ನಿಯಮ ಹಾಗಿದೆ," ಎಂದರು.

"ಆಂಟಿ, ಹಂಗಲ್ರಿ, ನೀವರೆ ಹೇಳ್ರಿ," ಎಂದಳು ಹುಡುಗಿ.

ನಾನು ಬಗ್ಗಿ ಮಗಳ ತುಟಿಗೆ ಕರವಸ್ತ್ರ ಒತ್ತುತ್ತ ಕುಳಿತೆ.

ಮಫ್ತಿಯಲ್ಲಿ ಮಹಿಳಾ ಪೊಲೀಸರು ಹಲಗೇರಿಗೆ ಹೋಗಿದ್ದರಂತೆ. ಅದನ್ನು ಹೇಳಿದವಳು ಮಗಳೇ. "ಮಮ್ಮಿ, ಆಕಿ ಸಾಲಿಗೆ ಬರಾಕತ್ತಿಲ್ಲ. ಅವರ ಓಣ್ಯಾಗ ಎಲ್ಲಾರೂ ಪೊಲೀಸ್ ಕೇಸಿನಾಕಿ ಅಂತಾರಂತ." ಆಮೇಲೆ ಕೇಳಿದಳು: "ಮೊನ್ನೆ ಹಾಲ ಚೆಲ್ಲಿದಾಗ ನೀನೂ ನನಗ ಹಂಗ ಬೈದಿದ್ದೆಲ್ಲ, ನಿನ್ನೂ ಹಿಡಕೊಂಡ ಹೋಗ್ತಾರೇನು?"

ವಿಚಾರಣೆ ಹಾವೇರಿಯ ಬಾಲನ್ಯಾಯ ಮಂಡಳಿಯಲ್ಲಿತ್ತು. ಯಾರೂ ಕರೆಯದಿದ್ದರೂ ಹೋದೆ. ಮೊಗಸಾಲೆಯ ಬೆಂಚಿನಿಂದ ಹುಡುಗಿಯ ಅಪ್ಪ ಎದ್ದು ಜಾಗ ಬಿಟ್ಟರು. "ಕುಂದ್ರಿ ಅಕ್ಕಾರ, ಬಿಸಲಾಗ ಬಂದೀರಿ." ನಾನು ಕೂರಲಾರದೆ ನಿಂತೇ ಇದ್ದೆ.

ಒಳಗೆ ವಿಚಾರಿಸುತ್ತಿದ್ದ ಹೆಂಗಸಿಗೆ ಎಲ್ಲವನ್ನೂ ಹೇಳಿದೆ, ಅಜ್ಜಿಯ ರೊಟ್ಟಿಯನ್ನೂ ಬಿಡದೆ. ಆಕೆ ನಕ್ಕೇಬಿಟ್ಟರು. "ನಮ್ಮವ್ವ ದಿನಾ ಅಂತಾಳ್ರಿ ನನಗ! ಅಲ್ರಿ, ಇದನ್ನ ಆವತ್ತ ಯಾಕ ಹೇಳ್ಲಿಲ್ಲ?"

"ಸಿಟ್ಟಿನ್ಯಾಗಿದ್ದೆರಿ," ಎಂದೆ.

ನೂಕಿದ್ದಕ್ಕೆ ಬುದ್ಧಿ ಹೇಳಿ, ವಿಷಯವನ್ನು ಅಲ್ಲಿಗೇ ಮುಗಿಸಿದರು. ಹೊರಗೆ ಬಂದು ಹುಡುಗಿಯ ಅಪ್ಪನಿಗೆ ಹೇಳಿದೆ: "ಸೋಮವಾರದಿಂದ ಸಾಲಿಗೆ ಕಳಸ್ರಿ. ಪ್ರಾಂಶುಪಾಲರ ಕೂಡ ನಾ ಮಾತಾಡ್ತೇನಿ."

"ಬ್ಯಾಡ್ರಿ ಅಕ್ಕಾರ. ಅಲ್ಲಿ ಬಾಯಿ ತಗದ್ರ ಯಾರ ಏನ್ ತಿಳ್ಕೋತಾರೋ ಅಂತ ಅಂಜತಾಳ. ನಮ್ಮೂರ ಸಾಲಿಗೇ ಹಚ್ಚೇನಿ."

"ನಂದ ತಪ್ಪಾತವ್ವಾ," ಎಂದೆ ಹುಡುಗಿಗೆ. ಉತ್ತರ ಕೊಡಬಹುದೇ ಎಂಬಂತೆ ಅವಳು ಅಪ್ಪನ ಮುಖ ನೋಡಿದಳು. "ಇರ್ಲಿರಿ," ಎಂದು ಅವರ ಬೆನ್ನ ಹಿಂದೆ ಸರಿದಳು.

ನಿಲ್ದಾಣದಲ್ಲಿ ರಾಣೆಬೆನ್ನೂರಿನ ಬಸ್ಸು ನಿಂತಿತ್ತು. ಅವರಿಬ್ಬರೂ ಹತ್ತಿ ಕಿಟಕಿಯ ಪಕ್ಕ ಕುಳಿತರು. ಏನನ್ನೋ ತೋರಿಸಿ ಹುಡುಗಿ ಅಪ್ಪನಿಗೆ ಹೇಳುತ್ತಿದ್ದಳು. ನಾನೂ ಹೋಗಬೇಕಾದ ಬಸ್ಸೇ ಅದು. ಹತ್ತಿದರೆ ಅವಳ ಮಾತು ನಿಲ್ಲುತ್ತದೆಂದು, ಇನ್ನೊಂದು ಬರಲಿ ಎಂದು ಕಂಬದ ಮರೆಯಲ್ಲಿ ನಿಂತೆ.