ಸಿಂಹ ರಾಶಿಯವರ ಸಾರಿನ ಉಪ್ಪು

ಮೊನ್ನೆ ಭಾನುವಾರ ಬೆಳಿಗ್ಗೆ ಬಾಗಲಗುಂಟೆಯ ಒಂದು ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ರಾಶಿಫಲ ಬರುತ್ತಿತ್ತು. ಎದುರಿಗಿದ್ದ ದಪ್ಪ ಮನುಷ್ಯರೊಬ್ಬರು ವಡೆಯನ್ನು ಸಾಂಬಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಳ್ಳದೆ ಹಾಗೆಯೇ ಹಿಡಿದುಕೊಂಡಿದ್ದರು. ವೃಶ್ಚಿಕ ಮುಗಿದ ಮೇಲೆ ವಡೆ ಒಳಗೆ ಹೋಯಿತು. ನೀವು ನಗಬಹುದು. ನನಗೆ ನಗುವ ಹಕ್ಕಿರಲಿಲ್ಲ. ಕನ್ಯಾ ರಾಶಿ ಬಂದಾಗ ನಾನೂ ಚಟ್ನಿ ಹಾಕಿಸಿಕೊಳ್ಳುವುದನ್ನು ಮರೆತಿದ್ದೆ. ಈ ಭವಿಷ್ಯ ಎಲ್ಲಿ, ಹೇಗೆ ತಯಾರಾಗುತ್ತದೆಂದು ಕಣ್ಣಾರೆ ಕಂಡ ನನ್ನ ಪಾಡೇ ಹೀಗಾದರೆ ಆ ವಡೆಯವರದೇನು ತಪ್ಪು?

ಕಂಡದ್ದು ಚಂದ್ರಮೌಳಿಯವರ ಕಾರಿನಲ್ಲಿ. ನಾನು ಕೆಲಸ ಮಾಡುವ ಟಿವಿ ಚಾನೆಲ್ಲಿಗೆ ಆಗ ಅವರೇ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಬರಹಗಾರ. ಮೂಲತಃ ರೇಡಿಯೋದವರು. ರೈತರ ಕಾರ್ಯಕ್ರಮದಲ್ಲಿ ಟೊಮ್ಯಾಟೊ ಧಾರಣೆ ಓದುತ್ತಾ ಶುರುವಾಗಿ, ನಾಟಕ, ಸಂದರ್ಶನ, ಸುಗಮ ಸಂಗೀತ ಎಲ್ಲವನ್ನೂ ದಾಟಿ ನಿಲಯದ ದೊಡ್ಡ ಕುರ್ಚಿಗೇರಿ, ಅಲ್ಲಿಂದ ಟಿವಿಗೆ ಹಾರಿದವರು. ಈ ಏರಿಕೆಯ ಗುಟ್ಟು ಒಂದೇ: ಪ್ರಸಾರದಲ್ಲಿ ಒಂದು ಕ್ಷಣವನ್ನೂ ಅವರು ಖಾಲಿ ಬಿಡುತ್ತಿರಲಿಲ್ಲ. ಒಮ್ಮೆ ಗಾಯಕರು ಕೈಕೊಟ್ಟಾಗ ಬೀಟ್‌ರೂಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದರಂತೆ. ಕೇಳುಗರು ಮೆಚ್ಚಿ, ಇನ್ನೊಮ್ಮೆ ಬೇಕೆಂದು ಪತ್ರ ಬರೆದರಂತೆ. ಬೀಟ್‌ರೂಟನ್ನು ನಾನು ನಂಬುತ್ತೇನೆ, ಪತ್ರಗಳನ್ನು ನಂಬುವುದಿಲ್ಲ.

ಇಂಥ ಮಾತುಗಾರ ಮನೆಯಲ್ಲಿ ಮಾತ್ರ ಮೂಕ. ಆಫೀಸಿನಲ್ಲಿ ಹತ್ತು ಟಿವಿಗಳ ಮುಂದೆ ಕೂಗಾಡಿ ಬಂದವರಿಗೆ ಮನೆಯೆಂದರೆ ಊಟ, ಹಾಸಿಗೆ, ಮೊಬೈಲ್ ಚಾರ್ಜರ್. ಹೆಂಡತಿ ಲಲಿತಮ್ಮ ಏನಾದರೂ ಕೇಳಿದರೆ "ಹೂಂ". ಇನ್ನೂ ಕೇಳಿದರೆ "ನೋಡೋಣ". ಆಕೆ ಸಿಂಹ ರಾಶಿ ಎಂಬುದು ನನಗೆ ತಡವಾಗಿ ತಿಳಿಯಿತು.

ಬೆಳಗಿನ ರಾಶಿಫಲಕ್ಕೆ ಅವರು ಒಬ್ಬ ಗುರೂಜಿಯನ್ನು ಹುಡುಕಿ ತಂದಿದ್ದರು. ಗುರೂಜಿಗೆ ಕಂಚಿನ ಕಂಠವಿತ್ತು, ಹಣೆ ವಿಶಾಲವಾಗಿತ್ತು, ಶಾಲು ಒಪ್ಪುತ್ತಿತ್ತು. ಜ್ಯೋತಿಷ್ಯ ಮಾತ್ರ ಮಿಥುನದವರೆಗೆ ಬರುತ್ತಿತ್ತು. ಹಾಗಾಗಿ ಹನ್ನೆರಡು ರಾಶಿಯ ಹಣೆಬರಹವನ್ನು ಮೌಳಿಯವರೇ ದಿನಾ ಹೇಳುವುದು, ನಾನು ಬರೆದುಕೊಳ್ಳುವುದು ಎಂದಾಯಿತು. ಅವರು ಬಾಗಲಗುಂಟೆಯಿಂದ ಬರುತ್ತಾ ಜಾಲಹಳ್ಳಿ ಕ್ರಾಸಿನಲ್ಲಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಹೆಬ್ಬಾಳದ ಫ್ಲೈಓವರ್ ಬಳಿ ಕಾರು ನಿಂತಿತೆಂದರೆ ಗ್ರಹಗಳು ಚಲಿಸತೊಡಗುತ್ತಿದ್ದವು. ಆರ್.ಟಿ. ನಗರದ ಆಫೀಸು ತಲುಪುವಷ್ಟರಲ್ಲಿ ನಾಡಿನ ನಾಳೆ ಸಿದ್ಧ. ಬೇರೆ ರಾಶಿಗಳಿಗೆ ಒಂದೊಂದು ಸಾಲು ಎಸೆದು ಮುಗಿಸುವವರು ಸಿಂಹ ಬಂದಾಗ ಮಾತ್ರ ಕಿಟಕಿಯಾಚೆ ನೋಡಿ ಯೋಚಿಸುತ್ತಿದ್ದರು.

"ಬರ್ಕೋ. ಸಿಂಹ. ಗೃಹಿಣಿಯರು ಸಾರಿಗೆ ಉಪ್ಪು ಕಡಿಮೆ ಬಳಸುವುದು ಶ್ರೇಯಸ್ಕರ."

"ಸಾರ್, ಉಪ್ಪು ಯಾವ ಗ್ರಹ?"

"ಶನಿ. ಬರಿ ಸುಮ್ನೆ."

ಹೀಗೆ ಸಿಂಹ ರಾಶಿಯ ಹೆಂಗಸರು ಒಂದು ವಾರ ಉಪ್ಪು ಕಡಿಮೆ ಮಾಡಿದರು, ಇನ್ನೊಂದು ವಾರ ಗಂಡನ ಫೋನ್ ಮುಟ್ಟಲಿಲ್ಲ, ಮತ್ತೊಂದು ವಾರ ಅಣ್ಣನ ಮನೆಗೆ ಹೋಗುವುದನ್ನು ಮುಂದೂಡಿದರು. ಒಂದು ಮಧ್ಯಾಹ್ನ ಮೌಳಿಯವರ ಮನೆಯಲ್ಲಿ ಊಟಕ್ಕೆ ಕೂತಾಗ ಸಾರು ಸಪ್ಪೆಯಾಗಿತ್ತು. ನಾನು ಮೌಳಿಯವರ ಮುಖ ನೋಡಿದೆ. ಅವರು ಹಪ್ಪಳ ನೋಡುತ್ತಿದ್ದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಚುನಾವಣೆ ಬಂತು. ಸೋಲದೇವನಹಳ್ಳಿಯಲ್ಲಿ ಲಲಿತಮ್ಮನ ಅಣ್ಣನ ಗೃಹಪ್ರವೇಶವೂ ಬಂತು. ರಜೆ ಹಾಕುವ ಮನಸ್ಸಿಲ್ಲದ ಮೌಳಿಯವರು ಫ್ಲೈಓವರ್ ಕೆಳಗೆ ಕೂತು ಗಂಭೀರವಾಗಿ ಹೇಳಿದರು: "ಸಿಂಹ. ಈ ವರ್ಷ ಕುಟುಂಬದ ಶುಭಕಾರ್ಯಗಳಿಂದ ದೂರವಿರಿ." ಗುರೂಜಿ ಅದನ್ನು ಕಂಚಿನ ಕಂಠದಲ್ಲಿ ಹೇಳಿದರು. ಗೃಹಪ್ರವೇಶ ತಪ್ಪಿತು.

ಆದರೆ ಅದೇ ತಿಂಗಳು ಮಗಳು ನಮಿತಾ, ತಾನೊಬ್ಬ ಹುಡುಗನನ್ನು ಮೆಚ್ಚಿದ್ದೇನೆ ಅಂದಳು. ಹುಡುಗ ದನದ ಡಾಕ್ಟರು. ಶೆಟ್ಟಿಹಳ್ಳಿಯ ಹಳೇ ಒಕ್ಕಲು ಮನೆತನ, ಈಗ ಹೊಲವಿದ್ದ ಕಡೆಯೆಲ್ಲ ಅಪಾರ್ಟ್‌ಮೆಂಟು. ಮೌಳಿಯವರಿಗೆ ಹುಡುಗ ಒಪ್ಪಿಗೆಯಾದ. ಲಲಿತಮ್ಮ ಮಾತ್ರ, "ಈ ವರ್ಷ ಆಗಲ್ಲ. ಗುರೂಜಿ ಬೇಡ ಅಂದಿದಾರೆ" ಎಂದು ಕೂತುಬಿಟ್ಟರು. ಮಗಳು ಅತ್ತಳು, ಊಟ ಬಿಟ್ಟಳು, ಅಮ್ಮನೊಂದಿಗೆ ಮಾತು ಬಿಟ್ಟಳು.

ಮೌಳಿಯವರು ಹೆದರಲಿಲ್ಲ. ಕೈಯಲ್ಲಿ ಚಾನೆಲ್ ಇರುವಾಗ ಹೆದರಿಕೆಯೇಕೆ? "ಸಿಂಹ. ಗ್ರಹಗತಿ ಬದಲಾಗಿದೆ, ಮಗಳ ವಿವಾಹಕ್ಕೆ ಇದೇ ಸುಸಮಯ." ಒಂದು ವಾರ ದಿನಾ ಹಾಕಿಸಿದರು. ಕೊನೆಯ ದಿನ ಗುರೂಜಿಯ ಹಿಂದೆ ಓಲಗವನ್ನೂ ಸೇರಿಸಿದರು. ಲಲಿತಮ್ಮ ಎಲ್ಲವನ್ನೂ ನೋಡಿ, ಟಿವಿ ಆರಿಸಿ, ಸೊಪ್ಪು ಬಿಡಿಸಲು ಕೂತರಂತೆ.

ಆ ಶನಿವಾರ ಹುಡುಗನ ತಂದೆ ಆಫೀಸಿಗೇ ಬಂದರು.

"ಸಾ, ನಮ್ಗೂ ನಿಮ್ ಉಡುಗಿ ಮೇಲೆ ಆಸೆ ಐತೆ. ಆದ್ರೆ ಇಂಗೇ ಕಾಯ್ತಾ ಕೂತ್ರೆ ಎಂಗೆ? ನೆಂಟ್ರು ಬೇರೆ ಕಡೆ ತೋರಿಸ್ತಾವ್ರೆ. ಈ ವಾರ್ದಾಗೆ ಒಂದ್ ಮಾತು ಏಳ್ಬಿಡಿ."

ಮೌಳಿಯವರ ಮುಖ ಇಳಿಯಿತು. ಮಗಳೆಂದರೆ ಅವರಿಗೆ ಜೀವ. ಮರುದಿನ ನನ್ನನ್ನು ಸಾಕ್ಷಿಯಾಗಿ ಕರೆದುಕೊಂಡು ಮನೆಗೆ ಹೋದರು. ಒಪ್ಪಿಕೊಳ್ಳುವುದೊಂದೇ ಉಳಿದಿತ್ತು. ನಡುಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಆ ರಾಶಿಫಲ ಗುರೂಜಿದಲ್ಲ. ನಾನೇ ಬರೆಸ್ತಿದ್ದೆ. ಬೇಕಾದ್ರೆ ಇವನನ್ನ ಕೇಳು" ಅಂದರು. ನಾನು ಸೋಫಾದ ಹಿಂದೆ ಆದಷ್ಟು ಸಣ್ಣಗಾದೆ.

ಸೊಪ್ಪು ಬಿಡಿಸುತ್ತಾ ಕೂತಿದ್ದ ಲಲಿತಮ್ಮ ತಲೆ ಎತ್ತಲೂ ಇಲ್ಲ. "ಗೊತ್ತು. ಆ ಗುರೂಜಿಗೆ ನನ್ನ ಸಾರಿನ ಉಪ್ಪು ಎಲ್ಲಿಂದ ಗೊತ್ತಾಗ್ಬೇಕು?"

"ಗೊತ್ತಿದ್ದೂ ಮಗಳ ಮದುವೆ ತಡೆದ್ಯಾ?"

ಆಗ ಆಕೆ ಎದ್ದು ನಿಂತರು. "ತಡೀಲಿಲ್ಲ ಕಣ್ರೀ, ಕಾದೆ. ಹುಡುಗ ಬಂಗಾರ ಅಂತ ನೋಡಿದ ದಿನವೇ ಅಂದ್ಕೊಂಡೆ. ಉಪ್ಪಿನ ವಿಷ್ಯ ಟಿವೀಲಿ ಹೇಳಿದ್ರಿ, ಸುಮ್ನಿದ್ದೆ. ನಮ್ಮಣ್ಣನ ವಿಷ್ಯ ಟಿವೀಲಿ ಹೇಳಿದ್ರಿ, ಅದಕ್ಕೂ ಸುಮ್ನಿದ್ದೆ. ಹೆತ್ತ ಮಗಳ ಮದುವೆ ಮಾತಾದ್ರೂ ನನ್ನ ಹತ್ರ ಬಂದು ಆಡ್ತೀರೇನೋ ಅಂತ ನೋಡ್ತಿದ್ದೆ. ಅದನ್ನೂ ಊರಿಗೆಲ್ಲ ಹೇಳಿದ್ರಿ, ಓಲಗ ಊದಿಸಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮಿತಾ, "ಅಪ್ಪಾ, ಈಗ್ಲಾದ್ರೂ ಬಾಯಿ ಬಿಡು" ಅಂದಳು.

ಬೀಟ್‌ರೂಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದ ಮನುಷ್ಯನಿಗೆ ಒಂದು ವಾಕ್ಯ ಸಿಗಲಿಲ್ಲ. ಹಣೆಯ ಬೆವರು ಒರೆಸಿಕೊಂಡರು. ಕೊನೆಗೆ ಹೊಸದಾಗಿ ಮೈಕಿನ ಮುಂದೆ ಬಂದವರಂತೆ ತೊದಲುತ್ತಾ, "ಲಲಿತಾ, ಮದುವೆ... ಮಾಡೋಣ್ವಾ?" ಅಂದರು. "ಮಾಡೋಣ" ಅಂದರು ಲಲಿತಮ್ಮ. ಆಕೆಯ ಕಣ್ಣೀರನ್ನು ನಾನು ನೋಡಬಾರದಿತ್ತು. ನೋಡಿದೆ, ನನಗೂ ಬಂತು.

ಮದುವೆ ಜೋರಾಗಿ ಆಯಿತು. ಚಾನೆಲ್ ಮುಂದೆ ಬೇರೆಯವರ ಕೈಗೆ ಹೋಗಿ ಮೌಳಿಯವರು ಮನೆ ಸೇರಿದರು. ಮೊನ್ನೆ ಇಡ್ಲಿ ಮುಗಿಸಿ ನಾನು ಹೊರಟಿದ್ದು ಅವರನ್ನು ನೋಡಲಿಕ್ಕೇ. ಹೋಗಿ ಕೂತಾಗಿನಿಂದ ಏಳುವವರೆಗೂ ಅವರದೇ ಮಾತು. ನೀರಿನ ಟ್ಯಾಂಕರು, ಮೊಮ್ಮಗನ ಹಲ್ಲು, ತೊಗರಿಬೇಳೆಯ ತಳಿಗಳು. ಮಧ್ಯೆ ಮಧ್ಯೆ "ಅಲ್ವೇನೇ ಲಲಿತಾ?" ಎಂದು ಕೇಳುವುದು, ಆಕೆ "ಹೂಂ" ಅನ್ನುವುದು.

ಹೊರಡುವಾಗ ಲಲಿತಮ್ಮ ಗಂಡನಿಗೆ ಕೇಳಿಸುವ ಹಾಗೆಯೇ ಹೇಳಿದರು: "ಬೆಳಗಾದ್ರೆ ವಟವಟ ಅಂತ ನನ್ನ ತಲೆ ತಿಂತಾರೆ. ನಿಮ್ಮ ಚಾನೆಲ್‌ನಲ್ಲಿ ವಾರಕ್ಕೆರಡು ದಿನ ಏನಾದ್ರೂ ಕೆಲಸ ಕೊಡಿಸಪ್ಪಾ, ಪುಣ್ಯ ಬರುತ್ತೆ." ನಾನು, ಹೊಸಬರ ಹತ್ತಿರ ಮಾತಾಡಿ ನೋಡ್ತೀನಿ, ಕಷ್ಟವೇನಲ್ಲ ಅಂದೆ.

ಗೇಟು ದಾಟಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ. ಆಕೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗೆ ಓಡಿ ಬಂದು, ಒಮ್ಮೆ ಹಿಂತಿರುಗಿ ನೋಡಿ, ಮೆಲ್ಲಗೆ ಅಂದರು: "ತಮಾಷೆಗಂದೆ ಕಣಪ್ಪಾ. ನಿಜವಾಗ್ಲೂ ಕೊಡಿಸಿಬಿಟ್ಟೀಯ ಮತ್ತೆ."