ರೇಟು ಏರುವ ತನಕ

ಗಲ್ಫಿನಲ್ಲಿದ್ದಾಗ, ಹಮ್ರಿಯಾದ ನಮ್ಮ ಫ್ಲ್ಯಾಟಿನಿಂದ ಆಫೀಸಿಗೆ ನಡೆದು ಹೋಗುವ ದಾರಿಯಲ್ಲಿ ಊರಿಗೆ ಹಣ ಕಳಿಸುವ ಅಂಗಡಿಯೊಂದಿತ್ತು. ಗಾಜಿನ ಹಿಂದೆ, ಒಂದು ರಿಯಾಲಿಗೆ ಎಷ್ಟು ರೂಪಾಯಿ ಎಂದು ಬರೆದ ಹಲಗೆ. ಎರಡು ವರ್ಷ ನಾನು ದಿನಕ್ಕೆರಡು ಹೊತ್ತು ಅದರ ದರ್ಶನ ಮಾಡಿದೆ. ದೇವರಿಗೂ ಅಷ್ಟು ನಿಷ್ಠೆಯಿಂದ ಕೈಮುಗಿದವನಲ್ಲ.

ಕಾರಣ ಒಂದು ಹಳೆಯ ಹೊಟ್ಟೆಯುರಿ. ತೊಂಬತ್ತೊಂದರಲ್ಲಿ ಕೈಯಲ್ಲಿದ್ದುದನ್ನೆಲ್ಲ ಊರಿಗೆ ಕಳಿಸಿದೆ. ತಿಂಗಳೊಳಗೆ ರೂಪಾಯಿ ಕುಸಿಯಿತು. ಕಾದು ಕೂತಿದ್ದ ಸೋಮಾರಿಗಳೆಲ್ಲ ಒಂದೇ ಏಟಿಗೆ ಜಾಣರಾದರು. ಇನ್ನು ಮೇಲೆ ನಾನೂ ಕಾಯುತ್ತೇನೆಂದು ಶಪಥ ಮಾಡಿದೆ.

ಮುಂದೆ ಅಲ್ಲಿನ ಶೇರು ದಲ್ಲಾಳಿಯೊಬ್ಬನ ಮೂಲಕ ಕೊಂಡಿದ್ದ ಫಂಡನ್ನು ಮಾರಿದಾಗ ಬಂದ ಹಣವನ್ನು ಅವನ ಕಚೇರಿಯ ನನ್ನ ಖಾತೆಯಲ್ಲೇ ಬಿಟ್ಟೆ. ಅದು ಹೆಂಡತಿ ಆಸೆಪಟ್ಟಿದ್ದ ಜಾಗಕ್ಕೆಂದು ಇಟ್ಟ ಹಣ. ಉಡುಪಿಯ ಹತ್ತಿರ ಹತ್ತು ಸೆಂಟ್ಸು, ಒಳ್ಳೆಯ ಬಾವಿ. ಒಂದು ಕ್ಯಾಲೆಂಡರ್ ತೂಗುಹಾಕಲು ಮೊಳೆ ಹೊಡೆಯಬೇಕಾದರೂ ಫ್ಲ್ಯಾಟಿನ ಮಾಲೀಕನ ಅನುಮತಿ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ರೇಟ್ ಏರ್ಲಿ," ಎಂದೆ.

ದಲ್ಲಾಳಿಯ ಕಚೇರಿಯ ಗುಮಾಸ್ತರು ಮಂಗಳೂರಿನವರು. ನನ್ನನ್ನು ಕಂಡಾಗಲೆಲ್ಲ ಅವರಿಗೇ ಸಂಕಟ.

"ದುಡ್ಡು ಇಲ್ಲಿ ಸುಮ್ನೆ ಬಿದ್ದಿದೆ ಮಾರಾಯ್ರೆ. ಒಂದು ಬೈಸಾ ಬಡ್ಡಿ ಹುಟ್ಟುದಿಲ್ಲ. ಬ್ಯಾಂಕಲ್ಲಿ ಏಳು ದಿನದ ಡೆಪಾಸಿಟ್ ಆದ್ರೂ ಮಾಡಿ."

"ಆ ಏಳು ದಿನದಲ್ಲೇ ರೇಟ್ ಏರಿದ್ರೆ?"

"ಹಾಗಾದ್ರೆ ಖಲಾಸ್," ಎಂದು ಅವರು ಫೈಲಿಗೆ ಮುಖ ತಿರುಗಿಸಿದರು.

ನಾನು ಅಕೌಂಟೆಂಟ್ ಎಂಬುದನ್ನು ಇಲ್ಲಿ ಹೇಳಲೇಬೇಕು. ಗುರುವಾರ, ಶುಕ್ರವಾರ ರಜೆ. ಆ ಎರಡು ದಿನವೂ ಕಂಪನಿಯ ಹಣ ಸುಮ್ಮನಿರಬಾರದೆಂದು ಬುಧವಾರವೇ ಅದನ್ನು ಬಡ್ಡಿ ಬರುವ ಕಡೆಗೆ ಓಡಿಸುತ್ತಿದ್ದೆ. ಅದಕ್ಕೆ ಯಜಮಾನರಿಂದ ಒಂದು ಗೋಡೆ ಗಡಿಯಾರವೂ ಬಹುಮಾನವಾಗಿ ಬಂದಿತ್ತು. ಮೊಳೆಗೆ ಅನುಮತಿ ಸಿಗದೆ ಅದು ಕಪಾಟಿನಲ್ಲಿ ಟಿಕ್‌ಟಿಕ್ ಅನ್ನುತ್ತಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿಯ ಜಾತಿ ನನ್ನದು.

ಎರಡು ವರ್ಷ ಹಲಗೆ ಕದಲಲಿಲ್ಲ. ಕೊನೆಗೊಂದು ದಿನ ರೇಟು ಏರಿತು! ಹಲ್ವಾ ಕಟ್ಟಿಸಿಕೊಂಡು, ಅಲ್ಲೇ ಟೆಲಿಫೋನ್ ಬೂತಿನಿಂದ ಜಾಗದ ದಲ್ಲಾಳಿಗೆ ಫೋನ್ ಮಾಡಿದೆ. ಆ ಕಡೆ ಜಾಗಗಳ ಬೆಲೆ ಆಗಲೇ ಎರಡು ಪಟ್ಟಾಗಿತ್ತು. ನಮ್ಮ ಹತ್ತು ಸೆಂಟ್ಸು ಕಳೆದ ವರ್ಷವೇ ಯಾರಿಗೋ ಮುಂಗಡಕ್ಕೆ ಹೋಗಿತ್ತು. ನನಗೆ ಅಳು ಬಂತು. ಹಲ್ವಾ ಹಿಡಿದುಕೊಂಡೇ ಮನೆಯ ಮೆಟ್ಟಿಲು ಹತ್ತಿದೆ.

ಎಲ್ಲ ಒಪ್ಪಿಕೊಂಡೆ. ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ. ಸುತ್ತಲಿನ ಫ್ಲ್ಯಾಟುಗಳ ಹೆಂಗಸರಿಗೆಲ್ಲ ಅವಳೇ ರವಿಕೆ ಹೊಲಿಯುತ್ತಿದ್ದಳು.

"ಮುಂಗಡ ಕೊಟ್ಟದ್ದು ನಾನೇ," ಎಂದಳು. "ತಮ್ಮನ ಕೈಲಿ ಕೊಡಿಸಿದ್ದು. ಹೊಲಿಗೆ ದುಡ್ಡು ತಿಂಗಳು ತಿಂಗಳು ಊರಿನ ಬ್ಯಾಂಕಿಗೆ ಹಾಕ್ತಿದ್ದೆ. ಹಳೇ ಬೆಲೆಗೇ ಮಾತಾಡಿ ಆಗಿದೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ರೇಟ್ ಏರ್ಲಿ ಅಂತಿದ್ರಿ."

ಬಾಕಿ ಹಣಕ್ಕೆ ಮಾತ್ರ ದಲ್ಲಾಳಿಯ ಕಚೇರಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ನನ್ನ ರಿಯಾಲುಗಳು ಬೇಕಾದವು. ರಜೆಯಲ್ಲಿ ಹೋಗಿ ನೋಂದಣಿ ಮಾಡಿಸಿದೆವು. ಅವಳು ಖರೀದಿದಾರಳು, ನಾನು ಸಾಕ್ಷಿ. ಸಹಿ ಹಾಕುವಾಗ ನಾಚಿಕೆಯೂ ಆಯಿತು, ಅವಳ ಬಗ್ಗೆ ಹೆಮ್ಮೆಯೂ ಆಯಿತು.

ಈಗ ಆ ಜಾಗದಲ್ಲಿ ಮನೆಯಿದೆ. ಗೋಡೆಗೆ ಮೊಳೆ ಹೊಡೆಯಬೇಕಾದರೆ ನಾನು ಅವಳ ಅನುಮತಿ ಕೇಳುತ್ತೇನೆ.